ಕುದಿಯಬಾರದ ಸಾರು

ಪಾತ್ರೆಗೆ ಮೊದಲು ಮಾಂಸ, ಆಮೇಲೆ ತಣ್ಣೀರು. ಬಿಸಿನೀರು ಹಾಕಿದರೆ ಸಾರು ಕದಡುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಹೇಳುತ್ತಿದ್ದಳು ಎಂದು ಬರೆದೆ. ಎಷ್ಟು ಸಲ ಹೇಳಿದ್ದಳು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಒಂದೇ ಸಲ ಇರಬಹುದು. ಸತ್ತವರು ಒಮ್ಮೆ ಆಡಿದ್ದನ್ನು ದಿನಾ ಆಡುತ್ತಿದ್ದ ಮಾತಾಗಿ ಮಾಡಿಬಿಡುವುದು ನಮಗೆ ಸುಲಭ.

ಕುವೈತಿನ ಮೈದಾನ್ ಹವಲ್ಲಿಯಲ್ಲಿ, ನಾಲ್ಕನೆಯ ಮಹಡಿಯ ನಮ್ಮ ಫ್ಲ್ಯಾಟಿನಲ್ಲಿ, ಒಂದು ಶುಕ್ರವಾರ ಈ ಸಾರು ಒಲೆಯ ಮೇಲಿದ್ದಾಗ ಅಕ್ಕ ಪಕ್ಕದ ಕೋಣೆಯಲ್ಲಿ ತೀರಿಕೊಂಡಳು. ಮಲಗಿದ್ದಲ್ಲೇ ಹೃದಯ ನಿಂತಿತು. ಮನೆಯಲ್ಲಿದ್ದವನು ನಾನೊಬ್ಬನೇ. ‘ಎಬ್ಬಿಸಬೇಡ ಎಂದು ಹೇಳಿ ಮಲಗಿದಳು’ ಎಂದು ಡಾಕ್ಟರಿಗೆ ಹೇಳಿದೆ, ಪೊಲೀಸರಿಗೆ ಹೇಳಿದೆ, ಪಾದ್ರಿಗಳಿಗೆ ಹೇಳಿದೆ, ಮಂಗಳೂರಿಗೆ ಫೋನ್ ಮಾಡಿ ಹೇಳಿದೆ. ಅದು ಸುಳ್ಳು. ಒಂದು ಗಂಟೆ ಬಿಟ್ಟು ಎಬ್ಬಿಸು ಎಂದಿದ್ದಳು. ನಾನು ಎಬ್ಬಿಸಲಿಲ್ಲ.

ಇದನ್ನು ಕೊನೆಯ ತನಕ ಬಚ್ಚಿಟ್ಟು ಬರೆಯಬಹುದಿತ್ತು. ಓದುವವರನ್ನು ಕಾಯಿಸುವ ವಿದ್ಯೆ ಒಂದಿಷ್ಟು ಗೊತ್ತಿದೆ. ಆದರೆ ಒಬ್ಬಳನ್ನು ಒಂದು ವರ್ಷ ಕಾಯಿಸಿ ಆಗಿದೆ. ಸಾಕು.

ಆ ಒಬ್ಬಳು ಅಕ್ಕನ ಮಗಳು. ಆಗ ಅವಳಿಗೆ ಇಪ್ಪತ್ತನಾಲ್ಕು. ಫಹಾಹೀಲಿನ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ. ಆ ಶುಕ್ರವಾರ ಅವಳಿಗೆ ಡ್ಯೂಟಿ ಇತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಮನೆಗೆ ಫೋನ್ ಮಾಡಿದಳು. ಅಮ್ಮ ಮಲಗಿದ್ದಾಳೆ, ಎಬ್ಬಿಸಲಾ ಎಂದು ನಾನೇ ಕೇಳಿದೆ. ‘ಬೇಡ ಮಾಮ, ಮಲಗಲಿ’ ಅಂದಳು. ಅಷ್ಟೇ. ಆ ಮೂರು ಮಾತಿನ ಹೊರೆಯನ್ನು ಅವಳು ಹೊತ್ತುಕೊಂಡಳು. ತಾನು ಬೇಡ ಎನ್ನದಿದ್ದರೆ ಮಾಮ ಹೋಗಿ ಎಬ್ಬಿಸುತ್ತಿದ್ದ, ಅಮ್ಮ ಉಳಿಯುತ್ತಿದ್ದಳೋ ಏನೋ ಎಂದು. ನಾನು ‘ಹಾಗಲ್ಲ, ಹಾಗಲ್ಲ’ ಎಂದು ಬೆನ್ನು ಸವರುತ್ತಿದ್ದೆ. ಯಾಕೆ ಹಾಗಲ್ಲ ಎಂದು ಮಾತ್ರ ಹೇಳುತ್ತಿರಲಿಲ್ಲ. ಅಕ್ಕ ಮಲಗಿದ್ದು ಹತ್ತೂವರೆಗೆ. ಅವಳು ಕೊಟ್ಟ ಗಡುವು ಹನ್ನೊಂದೂವರೆ. ಮಗಳ ಫೋನ್ ಬರುವ ಹೊತ್ತಿಗೆ ನನ್ನ ತಪ್ಪಿಗೆ ಒಂದು ಗಂಟೆ ವಯಸ್ಸಾಗಿತ್ತು.

ಅಲ್ಲಿಂದ ಅವಳಿಗೆ ನಿದ್ದೆ ಹತ್ತಲಿಲ್ಲ. ಮಲಗಿದವರನ್ನು ನೋಡಿದರೆ ಆಗುತ್ತಿರಲಿಲ್ಲ. ರಜೆಯ ಮಧ್ಯಾಹ್ನ ನಾನು ಹಾಲ್‌ನ ಸೋಫಾದ ಮೇಲೆ ಒರಗಿದರೆ, ಸ್ವಲ್ಪ ಹೊತ್ತಿಗೆ ಬರಿಗಾಲಿನ ಸಪ್ಪಳ ಹತ್ತಿರ ಬರುತ್ತಿತ್ತು, ನನ್ನ ಮೂಗಿನ ಕೆಳಗೆ ಒಂದು ಬೆರಳು ನಿಲ್ಲುತ್ತಿತ್ತು. ನನಗೆ ಎಚ್ಚರವೇ ಇರುತ್ತಿತ್ತು. ಕಣ್ಣು ತೆರೆಯುತ್ತಿರಲಿಲ್ಲ. ಉಸಿರನ್ನು ಸರಿಯಾಗಿ, ಕೇಳಿಸುವ ಹಾಗೆ ಬಿಡುತ್ತಿದ್ದೆ. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಮಾಡುತ್ತಿದ್ದ ಈ ಕೆಲಸ ತಿಂಗಳುಗಟ್ಟಲೆ ನಡೆಯಿತು.

ಚರ್ಚಿನಲ್ಲಿ ಅಕ್ಕನ ವರ್ಷದ ಪೂಜೆ ಹತ್ತಿರ ಬಂದಾಗ ನಾಲ್ಕು ಜನರಿಗೆ ಊಟ ಹಾಕಬೇಕು ಎಂದಾಯಿತು. ನಮ್ಮ ಬಾಫಾತ್ ಮಸಾಲೆ ಪುಡಿ ಹಾಕಿ ಬೀಫ್ ಮಾಡಿದರೆ ಆಯಿತಲ್ಲ, ಇಡ್ಲಿಯಂಥ ಸಾನ್ನಾ ತರಿಸೋಣ ಎಂದೆ.

‘ಬೇಡ. ಅಮ್ಮನ ಆ ಸಾರು ಮಾಡು’ ಅಂದಳು.

‘ಯಾವುದು?’

‘ಯಾವುದು ಅಂತ ನಿನಗೆ ಗೊತ್ತುಂಟು ಮಾಮ.’

ನಮ್ಮಿಬ್ಬರ ಮಾತು ನಡೆಯುತ್ತಿದ್ದುದು ಕೊಂಕಣಿಯಲ್ಲಿ. ಅವಳ ಪಾಲಿನ ಅರ್ಧ ಇಂಗ್ಲಿಷ್. ಇಲ್ಲಿ ಬರೆಯುವಾಗ ಅದು ಕನ್ನಡವಾಗುತ್ತಿದೆ. ಅಷ್ಟರ ಮಟ್ಟಿಗೆ ಈ ಸಂಭಾಷಣೆಯನ್ನೂ ಪೂರ್ತಿ ನಂಬುವುದು ಬೇಡ.

ಆ ಸಾರನ್ನು ಅಕ್ಕ ಕಲಿತದ್ದು ಸಲ್ವಾದ ಒಂದು ಫ್ರೆಂಚ್ ಕುಟುಂಬದ ಮನೆಯಲ್ಲಿ. ಒಂಬತ್ತು ವರ್ಷ ಅಲ್ಲಿ ಅಡುಗೆ ಮಾಡಿದಳು. ಅದಕ್ಕೆ ಅವರು ಹೇಳುವ ಹೆಸರು ಪೊತೊಫೆ. ‘ಬೆಂಕಿಯ ಮೇಲಿಟ್ಟ ಪಾತ್ರೆ ಅಂತ ಅರ್ಥವಂತೆ, ಅಷ್ಟೇ’ ಎಂದು ಅಕ್ಕ ನಕ್ಕಿದ್ದಳು. ದನದ ಮೊಣಕಾಲಿನ ಮಾಂಸ, ಪಕ್ಕೆಲುಬು, ಮಜ್ಜೆ ತುಂಬಿದ ಮೂಳೆ. ಕ್ಯಾರೆಟ್, ಸೆಲರಿ, ಈರುಳ್ಳಿ ಜಾತಿಯ ಲೀಕ್, ಟರ್ನಿಪ್. ಲವಂಗ ಚುಚ್ಚಿದ ಒಂದು ಈರುಳ್ಳಿ. ಮೆಣಸಿನ ಪುಡಿ ಇಲ್ಲ, ಅರಿಶಿನ ಇಲ್ಲ, ತೆಂಗಿನಕಾಯಿ ಇಲ್ಲ, ಒಗ್ಗರಣೆ ಇಲ್ಲ. ಮೊದಮೊದಲು ನಮಗೆ ಅದು ಆಸ್ಪತ್ರೆಯ ಊಟದ ಹಾಗೆ ಕಂಡಿತ್ತು. ನಾಲ್ಕು ಗಂಟೆ ಅದನ್ನು ನೋಡಿಕೊಳ್ಳಬೇಕು. ಸಾರು ಕುದಿಯಬಾರದು, ನಡುಗುತ್ತಿರಬೇಕು. ಮೇಲೆ ಬರುವ ಬೂದು ನೊರೆಯನ್ನು ಜಾಲರಿ ಸೌಟಿನಲ್ಲಿ ತೆಗೆಯುತ್ತಾ ಇರಬೇಕು. ನಾನು ಕುಕ್ಕರಿನಲ್ಲಿ ಬೆಳೆದವನು. ಐದು ವಿಷಲ್ ಕೂಗಿಸಿದರೆ ಮುಗಿಯುವ ಕೆಲಸಕ್ಕೆ ಯಾರು ಹೀಗೆ ಕಾವಲು ಕೂರುತ್ತಾರೆ ಎಂದು ಕೇಳಿದ್ದೆ. ‘ಕುಕ್ಕರಿನಲ್ಲಿ ಬೇಯ್ತದೆ ಮಾರಾಯ, ಆದರೆ ಸಾರು ಕೆಸರಾಗ್ತದೆ’ ಅಂದಳು. ಇದನ್ನು ಹೇಳಿದ್ದು ಅಕ್ಕನೇ, ಅಥವಾ ಅವಳಿಗೆ ಅವಳ ಮದಾಮ್ ಹೇಳಿದ್ದನ್ನು ನಾನು ಅಕ್ಕನ ಬಾಯಿಗೆ ಹಾಕುತ್ತಿದ್ದೇನೆಯೇ?

ಫ್ರೆಂಚ್ ಕುಟುಂಬ ದೇಶ ಬಿಟ್ಟು ಹೋಗುವಾಗ ಮದಾಮ್ ತನ್ನ ಕಬ್ಬಿಣದ ದೊಡ್ಡ ಪಾತ್ರೆಯನ್ನು ಅಕ್ಕನಿಗೆ ಕೊಟ್ಟರು. ಹೊರಗೆ ನೀಲಿ, ಒಳಗೆ ಬಿಳಿ, ಎತ್ತಿದರೆ ಸೊಂಟ ಹಿಡಿಯುವ ಭಾರ. ಆಮೇಲೆ ಶುಕ್ರವಾರಗಳಲ್ಲಿ ನಮ್ಮ ಮನೆಯಲ್ಲೂ ಪೊತೊಫೆ ಶುರುವಾಯಿತು. ಇಲ್ಲಿ ಶುಕ್ರವಾರವೇ ನಮಗೆ ಭಾನುವಾರ. ಬೆಳಗಿನ ಪೂಜೆಗೆ ಹೋಗಿ ಬಂದು, ಸೀರೆ ಬದಲಿಸದೆಯೇ ಒಲೆ ಹಚ್ಚುತ್ತಿದ್ದಳು.

ಅಕ್ಕ ಹೋದ ಮೇಲೆ ಪಾತ್ರೆ ಕಪಾಟಿನ ಮೇಲೆ ಕೂತಿತ್ತು.

ಊಟದ ಹಿಂದಿನ ದಿನ ಮಾಂಸಕ್ಕೆ ಹೋದೆ. ನಮ್ಮ ಕಟ್ಟಡದ ಕೆಳಗೇ ಅಂಗಡಿ. ನಡೆಸುವವರು ಬಂಟ್ವಾಳ ಕಡೆಯ ಮುಸ್ಲಿಂ, ಬ್ಯಾರಿ. ಕ್ರಿಶ್ಚಿಯನ್ನನಾದ ನನ್ನನ್ನು ಪೊರ್ಬುಗಳು ಎಂದು ಕರೆಯುತ್ತಾರೆ, ನಾನು ಅವರನ್ನು ಬ್ಯಾರಿಗಳೇ ಎನ್ನುತ್ತೇನೆ. ಊರಿನಲ್ಲಿ ಇದು ಜಾತಿ, ಇಲ್ಲಿ ಸಲಿಗೆ.

‘ಮೂಳೆ ಸಮೇತ ಕಾಲಿನದ್ದು ಕೊಡಿ. ದೊಡ್ಡ ತುಂಡು. ಮಜ್ಜೆಯ ಮೂಳೆ ನಾಲ್ಕು.’

ಅವರು ಕತ್ತಿ ಮಸೆಯುತ್ತಿದ್ದದ್ದು ನಿಲ್ಲಿಸಿದರು. ‘ಫ್ರಾನ್ಸ್ ಸಾರಾ?’

‘ಹೌದು.’

‘ನಿಮ್ಮ ಅಕ್ಕ ಬಾಯಮ್ಮ ಹೋದ ಮೇಲೆ ಅದನ್ನು ಕೇಳಿದವರೇ ಇಲ್ಲ ಪೊರ್ಬುಗಳೇ. ಎಷ್ಟು ಚೌಕಾಸಿ ಮಾಡ್ತಿದ್ರು ಗೊತ್ತುಂಟಾ? ಎಲುಬನ್ನು ಕಣ್ಣಿಗೆ ಹಿಡಿದು ದುರ್ಬೀನು ನೋಡಿದ ಹಾಗೆ ನೋಡುವುದು! ನಾನು ಹೇಳ್ತಿದ್ದೆ, ಬಾಯಮ್ಮ, ಆಚೆ ಬದಿ ಮಂಗಳೂರು ಕಾಣ್ತದಾ ಅಂತ.’

ನಕ್ಕೆವು. ಆಮೇಲೆ ಅವರು ಮಾಂಸ ಕಡಿಯುತ್ತಾ ಹೇಳಿದರು, ‘ಆ ದಿವಸ ಸಹ ಸಾರು ಎಂಥಾ ತಿಳಿ ಇತ್ತು ಅಂದ್ರೆ. ಒಲೆ ಆಫ್ ಮಾಡುವಾಗ ನೋಡಿದೆ. ತಳದ ಕ್ಯಾರೆಟ್ ಕಾಣ್ತಿತ್ತು.’

‘ಒಲೆ ಆಫ್ ಮಾಡಿದ್ದು ನಾನಲ್ಲವಾ?’

‘ನೀವಾ? ನೀವು ಮೆಟ್ಟಿಲಲ್ಲಿ ಕೂತಿದ್ರಿ ಮಾರಾಯ್ರೆ. ಆಂಬ್ಯುಲೆನ್ಸಿಗೆ ಫೋನ್ ಮಾಡಿದ್ದು ನಾನು, ಒಲೆ ಆಫ್ ಮಾಡಿದ್ದು ನಾನು, ಮರುದಿನ ಆ ಪಾತ್ರೆ ತೊಳೆದದ್ದೂ ನಾನೇ. ನಿಮಗೆ ಎಂತದೂ ನೆನಪಿಲ್ವಾ?’

ನನಗೆ ಎಲ್ಲವೂ ನೆನಪಿತ್ತು. ಒಲೆಯ ನಾಬ್ ತಿರುಗಿಸಿದ್ದು, ಅದು ಕೈಗೆ ಬಿಸಿಯಾಗಿದ್ದದ್ದು, ಸಿಂಕಿನಲ್ಲಿ ಪಾತ್ರೆ ಉಜ್ಜುವಾಗ ಕೊಬ್ಬು ಬೆರಳಿಗೆ ಅಂಟಿದ್ದು. ಅದನ್ನೆಲ್ಲ ನಾನು ಎಲ್ಲಿಂದ ತಂದೆ? ಅವರಿಗೆ ಸುಳ್ಳು ಹೇಳಿ ಏನೂ ಆಗಬೇಕಾಗಿರಲಿಲ್ಲ. ಹಾಗಾದರೆ ಸುಳ್ಳಾದದ್ದು ನನ್ನ ಕೈಗಳ ನೆನಪು.

ಮಾಂಸದ ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ಒಂದು ಆಸೆ ಹುಟ್ಟಿತು. ಅದನ್ನು ಹೇಳಲು ನಾಚಿಕೆಯಾಗುತ್ತದೆ. ಒಲೆ ಆರಿಸಿದ್ದು ತಪ್ಪು ನೆನಪಾದರೆ, ಅಕ್ಕ ‘ಎಬ್ಬಿಸು’ ಎಂದದ್ದೂ ತಪ್ಪು ನೆನಪಿರಬಹುದಲ್ಲ. ನಾಲ್ಕು ಮಹಡಿ ಹತ್ತುವಷ್ಟು ಹೊತ್ತು ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳೇ, ಕೋಣೆಯೊಳಗಿಂದ ಕೂಗಿ ಹೇಳಿದಳೇ, ಗೊತ್ತಿಲ್ಲ. ಎಡಭುಜವನ್ನು ಒತ್ತಿಕೊಳ್ಳುತ್ತಿದ್ದಳು ಎಂದು ಈಗ ಕಾಣುತ್ತದೆ, ಆದರೆ ಅದನ್ನು ಡಾಕ್ಟರ ಮಾತು ಕೇಳಿದ ಮೇಲೆ ನಾನೇ ಸೇರಿಸಿರಬೇಕು. ಸೀರೆಯ ಬಣ್ಣ ಪ್ರತಿ ಸಲ ಬೇರೆ. ಆದರೆ ಮಾತು ಬದಲಾಗುವುದಿಲ್ಲ. ‘ಯಾಕೋ ತುಂಬಾ ಸುಸ್ತು. ಒಂದು ಗಂಟೆ ಬಿಟ್ಟು ಎಬ್ಬಿಸು, ಕ್ಯಾರೆಟ್ ನಾನೇ ಹಾಕ್ತೇನೆ.’ ಯಾವ ಕಡೆಯಿಂದ ಉಜ್ಜಿದರೂ ಅದು ಅಳಿಸುವುದಿಲ್ಲ. ನನ್ನ ನೆನಪುಗಳಲ್ಲಿ ನಾನು ನಂಬುವುದು ಅದೊಂದನ್ನು. ಯಾಕೆಂದರೆ ನನಗೆ ಬೇಡವಾಗಿರುವುದು ಅದೊಂದೇ.

ಯಾಕೆ ಎಬ್ಬಿಸಲಿಲ್ಲ?

ಕುವೈತಿಗೆ ಬಂದ ಮೊದಲ ಹನ್ನೊಂದು ವರ್ಷ ನಾನು ರಿಗ್ಗೈಯಲ್ಲಿ ಬ್ಯಾಚುಲರ್ ರೂಮಿನಲ್ಲಿದ್ದೆ. ಒಂದು ಕೋಣೆ, ಏಳು ಜನ, ಮೂರು ಪಾಳಿ. ಯಾವ ಹೊತ್ತಿಗೆ ಹೋದರೂ ಯಾರಾದರೂ ಒಬ್ಬರು ಮಲಗಿರುತ್ತಿದ್ದರು. ಅಲ್ಲಿ ಬರೆದಿಡದ ಒಂದೇ ಕಾನೂನು: ಮಲಗಿದವನನ್ನು ಎಬ್ಬಿಸಬಾರದು. ಅದರಲ್ಲೂ ಶುಕ್ರವಾರ. ಉಳಿದದ್ದಕ್ಕೆಲ್ಲ ಜಗಳವಾಡುತ್ತಿದ್ದೆವು, ಸೋಪಿಗೆ, ಬಕೀಟಿಗೆ, ಟೀವಿಗೆ. ಇದಕ್ಕೆ ಮಾತ್ರ ಎಲ್ಲರೂ ತಲೆಬಾಗುತ್ತಿದ್ದೆವು. ಕತ್ತಲಲ್ಲಿ ಅಂಗಿ ಹಾಕಿಕೊಳ್ಳುವುದು, ಚಮಚ ಸದ್ದು ಮಾಡದಂತೆ ಚಹಾ ಕಲಕುವುದು, ಕೆಮ್ಮು ಬಂದರೆ ಹೊರಗೆ ಓಡುವುದು ಎಲ್ಲವನ್ನೂ ಕಲಿತೆವು. ‘ಎಬ್ಬಿಸು ಅಂದಿದ್ದೆನಲ್ಲ’ ಎಂದು ಯಾರಾದರೂ ಆಮೇಲೆ ಬೈದರೆ, ‘ನೀನು ಮಲಗಿದ್ದೆ ಮಾರಾಯ, ಮನಸ್ಸು ಬರಲಿಲ್ಲ’ ಎಂದರೆ ಸಾಕಿತ್ತು. ಬೈದವನೂ ನಗುತ್ತಿದ್ದ. ನಿದ್ದೆಯನ್ನು ಉಳಿಸಿಕೊಡುವುದೇ ನಾವು ಒಬ್ಬರಿಗೊಬ್ಬರು ಕೊಡಬಹುದಾಗಿದ್ದ ಉಡುಗೊರೆ.

ಹನ್ನೊಂದೂವರೆಗೆ ನಾನು ಅಕ್ಕನ ಕೋಣೆಯ ಬಾಗಿಲಿಗೆ ಹೋದೆ. ಇದೂ ನಿಜ. ಬಾಗಿಲು ಅರ್ಧ ತೆರೆದಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ವಾರವಿಡೀ ಬೇರೆಯವರ ಮನೆಯಲ್ಲಿ ನಿಂತ ಕಾಲುಗಳು. ಮನಸ್ಸು ಬರಲಿಲ್ಲ. ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಕ್ಯಾರೆಟ್ಟನ್ನು ನಾನೇ ಹಾಕಿದೆ. ಆಗ ಅವಳು ಬದುಕಿದ್ದಳೇ ಎಂದು ಡಾಕ್ಟರನ್ನು ಕೇಳಿದ್ದೆ, ಬೇರೆ ರೀತಿಯಲ್ಲಿ, ಸುತ್ತಿ ಬಳಸಿ. ಅಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು.

ಆಮೇಲೆ ಊಟಕ್ಕೆ ಕರೆಯಲು ಹೋಗುವ ತನಕದ ಎರಡೂವರೆ ಗಂಟೆಯೇ ನನ್ನನ್ನು ಬಿಡದಿರುವುದು. ನಾನು ಸುಖವಾಗಿದ್ದೆ. ಮಸೀದಿಯಿಂದ ಶುಕ್ರವಾರದ ಪ್ರವಚನ ಕೇಳುತ್ತಿತ್ತು, ನಾನು ಸ್ಟೂಲಿನ ಮೇಲೆ ಕೂತು ನೊರೆ ತೆಗೆಯುತ್ತಿದ್ದೆ. ಉರಿ ಹೆಚ್ಚಾಗದಂತೆ, ಕಮ್ಮಿಯಾಗದಂತೆ. ಸಾರು ಚಹಾದ ಹಾಗೆ ತಿಳಿಯಾಯಿತು. ಎದ್ದು ಬಂದು ನೋಡಿದರೆ ಅಕ್ಕ ಏನನ್ನಬಹುದು ಎಂದು ಎಣಿಸುತ್ತಿದ್ದೆ. ಜೀವನದಲ್ಲಿ ಅಷ್ಟು ಗಮನವಿಟ್ಟು ನಾನು ಯಾವುದನ್ನೂ ನೋಡಿಕೊಂಡಿಲ್ಲ. ಒಂದು ಗೋಡೆಯ ಈಚೆಗೆ.

ವರ್ಷದ ಪೂಜೆಯ ದಿನ ಚರ್ಚಿನಿಂದ ಬಂದ ಕೂಡಲೇ ಪಾತ್ರೆ ಇಳಿಸಿದೆವು. ಅವಳು ಏಪ್ರನ್ ಕಟ್ಟಿಕೊಂಡಳು. ಲ್ಯಾಬಿನಲ್ಲಿ ಕೆಲಸ ಮಾಡುವವಳಲ್ಲವೇ, ನೊರೆ ತೆಗೆಯುವುದನ್ನು ನನಗಿಂತ ಚೊಕ್ಕವಾಗಿ ಮಾಡುತ್ತಿದ್ದಳು. ಸೌಟನ್ನು ಪ್ರತಿ ಸಲ ತಣ್ಣೀರಿನಲ್ಲಿ ಅದ್ದಿ ತೊಳೆದು ಮತ್ತೆ. ನಾನು ಮೂಲಂಗಿ ಸುಲಿಯತೊಡಗಿದೆ.

‘ಅದು ಯಾಕೆ?’

‘ಅಮ್ಮ ಹಾಕ್ತಿದ್ದಳಲ್ಲ. ಟರ್ನಿಪ್ ಬದಲಿಗೆ. ನಮ್ಮ ಬಾಫಾತಿಗೆ ಹಾಕುವ ಹಾಗೆ.’

‘ಇಲ್ಲ ಮಾಮ. ಟರ್ನಿಪ್ಪೇ. ಇಲ್ಲಿಯವರು ಉಪ್ಪಿನಕಾಯಿ ಹಾಕ್ತಾರಲ್ಲ, ಆ ಗಡ್ಡೆ. ಸಿಪ್ಪೆ ತೆಗೆದು ನನಗೆ ಹಸಿ ತುಂಡು ಕೊಡ್ತಿದ್ದಳು.’

ಮೂಲಂಗಿಯನ್ನು ಬದಿಗಿಟ್ಟೆ. ಹೋಗಲಿ. ಟರ್ನಿಪ್ಪೇ ಇರಲಿ.

ಹತ್ತೂವರೆ ದಾಟಿತ್ತು. ಗಡಿಯಾರ ನೋಡಬಾರದು ಎಂದುಕೊಂಡರೂ ನೋಡುತ್ತಿದ್ದೆ. ಸಾರು ನಡುಗಲು ಶುರುವಾಯಿತು. ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಆ ಮಂಚವನ್ನು ನಾವು ಆರು ತಿಂಗಳ ಹಿಂದೆಯೇ ಯಾರಿಗೋ ಕೊಟ್ಟಿದ್ದೆವು. ನಾನು ಕೇಳಿದ್ದನ್ನು ಅವಳೂ ಕೇಳಿದಳೇ ಎಂದು ಮುಖ ನೋಡಿದೆ. ಅವಳು ಪಾತ್ರೆಯನ್ನೇ ನೋಡುತ್ತಿದ್ದಳು.

‘ಆ ದಿನವೂ ಹೀಗೇ ಇತ್ತಾ?’ ಎಂದಳು.

‘ಹೌದು.’

‘ನಾನು ಎಬ್ಬಿಸು ಅಂದಿದ್ರೆ...’

ನೂರು ಸಲ ಕೇಳಿದ ಮಾತು. ನನ್ನ ಬಳಿ ‘ಹಾಗಲ್ಲ’ ಸಿದ್ಧವಿತ್ತು, ಬಾಯಿಗೂ ಬಂತು. ಆದರೆ ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

‘ಅಮ್ಮ ಎಬ್ಬಿಸಬೇಡ ಅನ್ನಲಿಲ್ಲ’ ಎಂದೆ. ‘ಒಂದು ಗಂಟೆ ಬಿಟ್ಟು ಎಬ್ಬಿಸು ಅಂದಿದ್ದಳು. ಹತ್ತೂವರೆಗೆ. ನಾನು ಬಾಗಿಲ ತನಕ ಹೋಗಿ ವಾಪಸು ಬಂದೆ. ನೀನು ಫೋನ್ ಮಾಡಿದ್ದು ಅದಾಗಿ ಒಂದು ಗಂಟೆಯ ಮೇಲೆ.’

ಅವಳು ಸೌಟಿನ ನೊರೆಯನ್ನು ಬಟ್ಟಲಿಗೆ ಬಡಿದಳು. ನೀರಿನಲ್ಲಿ ಅದ್ದಿದಳು. ಮತ್ತೆ ನೊರೆ ತೆಗೆದಳು. ನಾನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲವೇನೋ ಎನಿಸಿತು.

‘ಮತ್ತೆ ನನ್ನನ್ನು ಯಾಕೆ ಕೇಳಿದೆ? ಎಬ್ಬಿಸಲಾ ಅಂತ?’

ವರ್ಷವಿಡೀ ಎಲ್ಲವನ್ನೂ ಯೋಚಿಸಿದವನು ಇದೊಂದನ್ನು ಯೋಚಿಸಿರಲಿಲ್ಲ.

‘ನೀನು ಬೇಡ ಅಂತೀ ಅಂತ ಗೊತ್ತಿತ್ತು’ ಎಂದೆ. ಹೇಳಿದ ಮೇಲೆ ಅದು ನಿಜ ಎಂದು ನನಗೂ ಗೊತ್ತಾಯಿತು. ಗಡುವು ಮೀರಿದ್ದು ಒಳಗೆ ಕೊರೆಯುತ್ತಿತ್ತು. ಇನ್ನೊಬ್ಬರ ಒಪ್ಪಿಗೆ ಬೇಕಾಗಿತ್ತು.

‘ಒಂದು ವರ್ಷ’ ಅಂದಳು. ಇಂಗ್ಲಿಷಿನಲ್ಲಿ ಇನ್ನೇನೋ ಅಂದಳು, ಅದನ್ನು ಇಲ್ಲಿ ಬರೆಯಲಾರೆ. ಆಮೇಲೆ, ‘ಟರ್ನಿಪ್ ತಾ ಹೋಗು. ಇನ್ನೂ ಟೈಮ್ ಉಂಟು.’

ಹೋದೆ. ತಂದೆ. ನಾನು ಬರುವಷ್ಟರಲ್ಲಿ ಮನೆ ಬಿಟ್ಟು ಹೋಗಿರುತ್ತಾಳೆ ಎಂದು ಹೆದರಿದ್ದೆ. ಅದೇ ಸ್ಟೂಲಿನ ಮೇಲೆ ಕೂತಿದ್ದಳು. ಮುಂದಿನ ಮೂರು ಗಂಟೆ ನಾವು ಉಪ್ಪು, ಉರಿ, ಕ್ಯಾಬೇಜು ಇಷ್ಟರ ಬಗ್ಗೆ ಮಾತ್ರ ಮಾತಾಡಿದೆವು.

ಎರಡು ಗಂಟೆಗೆ ಊಟಕ್ಕೆ ಬಂದವರು ನಮ್ಮ ಚರ್ಚಿನ ಇಬ್ಬರು ಹೆಂಗಸರು, ಒಬ್ಬರ ಗಂಡ, ಮತ್ತು ಕೆಳಗಿನ ಅಂಗಡಿಯ ಬ್ಯಾರಿ. ಹಿರಿಯ ಹೆಂಗಸು ಪ್ರಾರ್ಥನೆ ಹೇಳಿದರು. ಅವರ ಮನೆಯಲ್ಲೇ ಅಕ್ಕನ ಮೂರನೆಯ ದಿನದ ಪ್ರಾರ್ಥನೆಯೂ ನಡೆದಿತ್ತು. ಮೊದಲು ಸಾರನ್ನಷ್ಟೇ ಬಟ್ಟಲಿನಲ್ಲಿ ಕೊಡುವುದು ಕ್ರಮ. ಮಾಂಸ ತರಕಾರಿ ಆಮೇಲೆ ಬೇರೆ ತಟ್ಟೆಯಲ್ಲಿ, ಕಲ್ಲುಪ್ಪು ಮತ್ತು ಸಾಸಿವೆಯ ಪೇಸ್ಟಿನ ಜೊತೆ.

ಬ್ಯಾರಿ ಬಟ್ಟಲೊಳಗೆ ಇಣುಕಿದರು. ‘ಮಸಾಲೆ ಹಿಂದಿನಿಂದ ಬರ್ತದಾ ಪೊರ್ಬುಗಳೇ?’

‘ಬರುವುದಿಲ್ಲ. ಇಷ್ಟೇ.’

‘ಯಾ ಅಲ್ಲಾಹ್. ನನ್ನ ಅಷ್ಟು ಒಳ್ಳೆ ಬೀಫನ್ನು ಸ್ನಾನ ಮಾಡಿಸಿ ಕೊಟ್ಟಿದ್ದಾರಲ್ಲ!’

ಎಲ್ಲರೂ ನಕ್ಕರು. ಒಂದು ಗುಟುಕು ಕುಡಿದ ಮೇಲೆ ಅವರೇ ಬಟ್ಟಲು ಎತ್ತಿ ಮತ್ತೆ ಕುಡಿದರು. ಹಿರಿಯ ಹೆಂಗಸು ಕಣ್ಣೊರೆಸಿಕೊಂಡರು. ‘ಪುಣ್ಯವಂತೆ ನಿಮ್ಮ ಅಕ್ಕ’ ಎಂದರು ನನಗೆ. ‘ನೋವಿಲ್ಲ, ನರಳಿಕೆ ಇಲ್ಲ. ನನ್ನನ್ನು ಎಬ್ಬಿಸಬೇಡಿ ಅಂತ ಹೇಳಿ ಮಲಗಿದರು, ದೇವರು ಹಾಗೇ ಕರಕೊಂಡ. ಎಷ್ಟು ಜನರಿಗೆ ಹೇಳಿದ್ದೇನೆ ನಾನು ಇದನ್ನು.’

ನನ್ನ ಸುಳ್ಳು ಹೀಗೆ ಎಷ್ಟು ಮನೆಗಳಲ್ಲಿ ದೇವರ ಕೃಪೆಯ ಸಾಕ್ಷಿಯಾಗಿ ಬೆಳೆದಿತ್ತೋ.

‘ಇಲ್ಲ ಆಂಟಿ’ ಅಂದಳು ಅಕ್ಕನ ಮಗಳು. ದನಿ ಏರಿಸಲಿಲ್ಲ. ‘ಅಮ್ಮ ಎಬ್ಬಿಸಿ ಅಂತಲೇ ಹೇಳಿದ್ದು. ಒಂದು ಗಂಟೆ ಬಿಟ್ಟು. ಮಾಮ ಎಬ್ಬಿಸಲಿಲ್ಲ.’

ಹೆಂಗಸು ನನ್ನ ಕಡೆ ತಿರುಗಿದರು, ನಾನು ಅಲ್ಲಗಳೆಯಲಿ ಎಂದು ಬೇಡುವಂತೆ. ಅದು ಸುಲಭವಿತ್ತು. ಹುಡುಗಿಗೆ ನಿದ್ದೆಯಿಲ್ಲ, ತಲೆ ಸರಿಯಿಲ್ಲ ಎಂದರೆ ಎಲ್ಲರೂ ನಂಬುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

‘ಹೌದು’ ಎಂದೆ. ‘ಅವಳು ಹೇಳುವುದು ಸರಿ.’

ಹಿರಿಯ ಹೆಂಗಸಿನ ಗಂಡ ನೀರು ಕುಡಿದರು. ಆಮೇಲೆ ಯಾರು ಮೊದಲು ಮಾತಾಡಿದರು ಎಂಬುದು ನನಗೆ ನೆನಪಿಲ್ಲ. ನೆನಪಿದೆ ಎಂದು ಮುಂದೊಂದು ದಿನ ನಾನು ಬರೆದರೆ ಅದನ್ನು ಕಟ್ಟಿದ್ದು ಎಂದೇ ತಿಳಿಯಬೇಕು.

ಮಾಂಸದ ತಟ್ಟೆ ತರಲು ಎದ್ದೆ. ಅವಳು ತಡೆದಳು. ತಾನೇ ಹೋಗಿ ತಂದಳು, ಎಲ್ಲರಿಗೂ ಬಡಿಸಿದಳು, ಕೊನೆಗೆ ನನಗೂ. ಅದರಲ್ಲಿ ಕ್ಷಮೆಯೇನೂ ಇರಲಿಲ್ಲ. ಮುಂದಿನ ತಿಂಗಳು ಅವಳು ಫಹಾಹೀಲಿನಲ್ಲಿ ಗೆಳತಿಯರ ಜೊತೆ ಮನೆ ಮಾಡಿದಳು, ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ, ಬೇಕಾದಷ್ಟೇ ಮಾತಾಡುತ್ತಾಳೆ. ಆದರೆ ಆ ಮಧ್ಯಾಹ್ನ ಅವಳು ಎರಡು ಸಲ ಹಾಕಿಸಿಕೊಂಡು ಊಟ ಮಾಡಿದಳು. ಊಟಕ್ಕೆ ಬಂದವರು ಇನ್ನೂ ಕೂತಿರುವಾಗಲೇ, ಚಪ್ಪಲಿಯನ್ನೂ ಬಿಡದೆ, ಸೋಫಾದ ಒಂದು ತುದಿಗೆ ತಲೆ ಒರಗಿಸಿ ನಿದ್ದೆ ಹೋದಳು. ನಾವು ಐದು ಜನ ದನಿ ತಗ್ಗಿಸಿ ಮಾತಾಡುತ್ತಾ ಕುಳಿತೆವು. ಅವಳಿಗೆ ತಾನಾಗಿ ಎಚ್ಚರವಾಗುವ ತನಕ ಯಾರೂ ಏಳಲಿಲ್ಲ.